ಇದು ಯಾವೂರ ಹಣ್ಣು?

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ನಾಳೆ ಗೌರಿ ಹಬ್ಬ. ನಿಮ್ಮ ಬೆನ್ನಿಗೆ ಯಾರದೋ ಚೀಲ ಒತ್ತುತ್ತಿದೆ, ಪಕ್ಕೆಗೆ ಇನ್ಯಾರದೋ ಮೊಣಕೈ ತಾಗುತ್ತಿದೆ. ತುಳಿದು ತುಳಿದು ಮೆತ್ತಗಾದ ಸೇವಂತಿಗೆ ಕಾಲಡಿಯಲ್ಲಿ ಜಾರುತ್ತದೆ. ಮಲ್ಲಿಗೆಯ ಕಂಪನ್ನು ಇನ್ನೂ ಪೂರ್ತಿ ಎಳೆದುಕೊಂಡಿಲ್ಲ, ಕೊಳೆತ ಬಾಳೆಎಲೆಯ ನಾತ ಮೂಗಿಗೆ ಬಡಿಯುತ್ತದೆ. ಹೂವಿನಜ್ಜಿ ಕಟ್ಟಿದ ಮಲ್ಲಿಗೆಯನ್ನು ಮೊಣಕೈಯಿಂದ ನಡುಬೆರಳಿನವರೆಗೆ ಎಳೆದೆಳೆದು ಮೂರು ಮೊಳ ಅಳೆಯುತ್ತಾರೆ, ಮೇಲೊಂದು ಗೇಣು ಬಿಟ್ಟು ದಾರ ಹರಿಯುತ್ತಾರೆ. ನೀವು ಮೊಬೈಲ್ ಹಿಡಿದು ಹಣ ಕಳಿಸುತ್ತೀರಿ. ಬಂತೆಂದು ಪುಟ್ಟ ಡಬ್ಬಿ ಕೂಗುತ್ತದೆ. ನೀವಿಬ್ಬರೂ ತುಟಿ ಬಿಚ್ಚಿಲ್ಲ. ಆ ಒಂದು ಗೇಣು ಹೂವಿಗಾದರೂ ಒಂದು ಮಾತು ಸಲ್ಲಬೇಕಿತ್ತು ಎಂದು ನಿಮಗೆ ಅನ್ನಿಸುವ ಹೊತ್ತಿಗೆ ಜನ ನಿಮ್ಮನ್ನು ಮುಂದಕ್ಕೆ ತಳ್ಳಿಯಾಗಿದೆ.

ಬಾಳೆಹಣ್ಣಿನ ಸಾಲು. ಏಲಕ್ಕಿ, ಪಚ್ಚಬಾಳೆ ಗೊನೆಗೊನೆಯಾಗಿ ತೂಗುತ್ತಿವೆ. ಮೂಲೆಯ ಮಂಕರಿಯಲ್ಲಿ, ಒಣಗಿದ ಎಲೆಯ ಮರೆಯಲ್ಲಿ ಮಾತ್ರ ನಾಲ್ಕೇ ಚಿಪ್ಪು. ಬಗ್ಗಿದರೆ ಬೇರೆಯದೇ ಪರಿಮಳ. ಬೆಲೆ ಕೇಳುವುದು ಸುಲಭ. ಅದರಾಚೆಗಿನ ಮಾತು ಗಂಟಲಲ್ಲೇ ನಿಲ್ಲುತ್ತದೆ. ವ್ಯಾಪಾರಿ ಅವಸರದಲ್ಲಿದ್ದಾರೆ. ನಿಮ್ಮ ಹಿಂದೆ ಇನ್ನೂ ನಾಲ್ಕು ಮಂದಿ ಕಾಯುತ್ತಿದ್ದಾರೆ. ವ್ಯಾಪಾರಿ ಮುಖ ತಿರುಗಿಸಿಬಿಟ್ಟರೆ? ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ, ಕಿವಿ ಬಿಸಿಯಾಗುತ್ತದೆ. ಈ ಅಳುಕು ನಿಮ್ಮೊಬ್ಬರದಲ್ಲ. ಷಿಕಾಗೊದ ರೈಲು ಪ್ರಯಾಣಿಕರ ಬಗ್ಗೆ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜನ ಹೀಗೇ ಅಳುಕಿದ್ದರು. ಅಪರಿಚಿತರೊಡನೆ ಮಾತಿಗಿಳಿದರೆ ಪ್ರಯಾಣ ಕೆಟ್ಟೀತು ಎಂದೇ ಅವರು ಎಣಿಸಿದ್ದರು. ಆದರೆ ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಕೇಳಿ. ಈಗಲೇ ಕೇಳಿ.

"ಇದು ಯಾವೂರ ಹಣ್ಣು?"

ತಕ್ಕಡಿಯ ಮೇಲಿನ ಕೈ ನಿಲ್ಲುತ್ತದೆ. ವ್ಯಾಪಾರಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೆ.

"ನಂಜನಗೂಡು ರಸಬಾಳೆ ಕಣಿ. ನಮ್ಮ ಬಾವ ಬೆಳ್ದಿರದು. ಮೂಸಿ ನೋಡಿ."

ಒಂದು ಚಿಪ್ಪು ನಿಮ್ಮ ಮೂಗಿನ ಹತ್ತಿರವೇ ಬರುತ್ತದೆ.

"ನಮ್ಮಪ್ಪನ ಕಾಲ್ದಲ್ಲಿ ಗಾಡಿ ತುಂಬ ಬರದು. ಆಮೇಲೆ ಸೊರಗು ರೋಗ ಬಂತಲ್ಲ. ಎಲೆ ಹಳದಿಯಾಗಿ ಜೋತು ಬಿದ್ದು ಗಿಡ ನಿಂತಂಗೇ ಸತ್ತೋಯ್ತದೆ. ಅದು ಮಣ್ಣಲ್ಲೇ ಕುಂತದೆ, ಏನ್ ಹೊಡುದ್ರೂ ಹೋಗಲ್ಲ."

ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ, ಪನಾಮಾ ರೋಗದ ಹೆಸರನ್ನೂ ಕೇಳಿದ್ದೀರಿ. ಆ ರೋಗ ಹೊಕ್ಕ ತೋಟದವರ ಬಾಯಿಂದ ಕೇಳುತ್ತಿರುವುದು ಇವತ್ತೇ. ಹಿಂದಿನವರು ಗೊಣಗುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಾರೆ.

ಅಷ್ಟರಲ್ಲಿ ಮಳೆ. ತಗಡಿನ ಮೇಲೆ ಒಮ್ಮೆಗೇ ಸುರಿಯುತ್ತದೆ. ಕರೆಂಟು ಹೋಗುತ್ತದೆ. ಕತ್ತಲು. ಬಯಲಲ್ಲಿದ್ದವರೆಲ್ಲ ಒಳಗೆ ನುಗ್ಗುತ್ತಾರೆ. ಮಗುವೊಂದು ಕಿರುಚುತ್ತದೆ. ಎಲ್ಲೋ ಏನೋ ದಬ್ಬೆಂದು ಬೀಳುತ್ತದೆ. 2016ರ ಆಗಸ್ಟ್‌ನಲ್ಲಿ ಇದೇ ಕಟ್ಟಡದ ಉತ್ತರ ದ್ವಾರದ ಭಾಗ, ಧನ್ವಂತರಿ ರಸ್ತೆಯ ಕಡೆಯದು, ಕುಸಿದದ್ದು ನೆನಪಾಗುತ್ತದೆ. ಗೋಡೆ ತಡಕುತ್ತೀರಿ. ಸಿಗುವುದಿಲ್ಲ. ಓಡಬೇಕೋ, ನಿಲ್ಲಬೇಕೋ? ಕಾಲು ಜಾರುತ್ತದೆ. ಒರಟು ಕೈಯೊಂದು ನಿಮ್ಮ ರಟ್ಟೆ ಹಿಡಿಯುತ್ತದೆ.

"ಓಡ್ಬೇಡಿ. ಗೊನೆ ಬಿತ್ತು ಅಷ್ಟೆ. ಇತ್ಲಾಗ್ ಬನ್ನಿ."

ಆ ದನಿ ನಿಮಗೆ ಗೊತ್ತು. ಈಗ ತಾನೇ ಅಪ್ಪನ ಕಾಲದ ಗಾಡಿಗಳ ಮಾತಾಡಿದ ದನಿ. ಅದಕ್ಕೇ ಕಾಲು ಹೇಳಿದಂತೆ ಕೇಳುತ್ತದೆ, ನೀವು ಕತ್ತಲಲ್ಲೇ ಅವರ ಮಂಕರಿಗಳ ಹಿಂದಕ್ಕೆ ಸರಿಯುತ್ತೀರಿ. ಬೆಲೆಯಷ್ಟೇ ಕೇಳಿದ್ದರೆ ಆ ಕೈಯನ್ನು ಕೊಡವಿ ಓಡುತ್ತಿದ್ದಿರಿ.

ಯಾರೋ ಮೊಬೈಲ್ ಬೆಳಕು ಹಚ್ಚುತ್ತಾರೆ. ಬಾಗಿನದ ಮೊರಗಳನ್ನು ಸೆರಗಲ್ಲಿ ಮುಚ್ಚಿಕೊಂಡ ಹೆಂಗಸು, ತೊಯ್ದ ಅಂಗಿಯ ಕಾಲೇಜು ಹುಡುಗ, ನೀವು. ಒದ್ದೆ ಬಟ್ಟೆಯ ವಾಸನೆ ರಸಬಾಳೆಯ ಪರಿಮಳದೊಡನೆ ಬೆರೆಯುತ್ತದೆ. ಯಾವೂರಪ್ಪಾ ನಿಂದು ಎಂದು ಹೆಂಗಸು ಕೇಳುತ್ತಾರೆ.

"ಗದಗ ರೀ ಅಕ್ಕಾರ. ನಮ್ಮ ಕಡಿ ಗೌರಿ ಹುಣ್ಣಿಮಿ ಕಾರ್ತಿಕದಾಗ ಬರ್ತದ್ರಿ. ಸಕ್ಕರಿ ಗೊಂಬಿ ಇಟ್ಟು ಆರತಿ ಬೆಳಗ್ತಾರ."

"ಗೌರಿಗೆ ಸಕ್ಕರೆ ಗೊಂಬೆನಾ? ನಾವು ಸಕ್ಕರೆ ಅಚ್ಚು ಮಾಡೋದು ಸಂಕ್ರಾಂತಿಗೆ ಕಣೋ!"

ಹುಡುಗ ನಗುತ್ತಾನೆ. ವ್ಯಾಪಾರಿ ಒಂದು ಹಣ್ಣು ಕಿತ್ತು ಅವನ ಕೈಗಿಡುತ್ತಾರೆ, ಇನ್ನೊಂದು ನಿಮಗೆ. ಸಿಪ್ಪೆ ಸುಲಿಯುತ್ತೀರಿ. ಸಿಹಿ ನಾಲಗೆಯ ಬುಡದವರೆಗೆ ಇಳಿಯುತ್ತದೆ. ಭುಜ ಸಡಿಲವಾಗುತ್ತದೆ, ಇಷ್ಟು ಹೊತ್ತು ಬಿಗಿಹಿಡಿದ ಉಸಿರು ಹೊರಬರುತ್ತದೆ. ಹೆಸರು ಯಾರೂ ಕೇಳಿಲ್ಲ, ಫೋನ್ ನಂಬರು ಬದಲಾಯಿಸಿಕೊಂಡಿಲ್ಲ. ಮತ್ತೆ ಸಿಗುವ ಭರವಸೆಯೂ ಇಲ್ಲ. ಆದರೂ ಮೈಯೆಲ್ಲ ಹಗುರ. ನನ್ನ ಮಟ್ಟಿಗೆ ಪೇಟೆಗೆ ಹೋಗುವ ಅರ್ಧ ಸುಖ ಇದೇ, ಮತ್ತು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂದು ಬೀಳುವ ಚೀಲದಲ್ಲಿ ನನಗೆ ಸಿಗದಿರುವುದೂ ಇದೇ.

ದೀಪ ಬರುತ್ತದೆ. ಎಲ್ಲರೂ ಕಣ್ಣು ಕಿರಿದು ಮಾಡಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೀರಿ. ಒಂದು ಚಿಪ್ಪು ನಿಮಗೆ, ಒಂದು ಹೆಂಗಸಿಗೆ. ಹುಡುಗ ಮೊರಗಳನ್ನು ಎತ್ತಿಕೊಂಡು ಸಯ್ಯಾಜಿರಾವ್ ರಸ್ತೆಯ ಕಡೆಗೆ ಅವರ ಜೊತೆ ಹೊರಡುತ್ತಾನೆ.

ಮುಂದಿನ ಸಲ ಪೇಟೆಗೆ ಹೊರಡುವಾಗ ಅರ್ಧ ಗಂಟೆ ಹೆಚ್ಚಿಗೇ ಇಟ್ಟುಕೊಂಡು ಹೋಗಿ. ರಸಬಾಳೆ ಕಂಡರೆ, ಬೆಳೆದವರು ಯಾರೆಂದು ಕೇಳದೆ ಬರಬೇಡಿ.