ಬಿಸ್ಕತ್ತಿನ ಡಬ್ಬಿಯೊಳಗಿನ ಅಜ್ಜಿ

ಬದಿಯಡ್ಕದ ಬಳಿಯಿರುವ ನಮ್ಮ ಹಿರಿಯರ ಮನೆಯ ಅಟ್ಟವನ್ನು ಕಳೆದ ಬೇಸಗೆಯಲ್ಲಿ ಖಾಲಿ ಮಾಡಿದಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ದೊರೆಯಿತು. ಅದರೊಳಗೆ ತೀರ್ಥರೂಪರು ತೆಗೆದ ಚಿತ್ರಗಳ ನೆಗೆಟಿವ್‌ಗಳು. ಆಲ್ಬಮ್ಮು ಗೆದ್ದಲಿನ ಪಾಲಾಗಿ ಎಷ್ಟೋ ವರ್ಷಗಳಾದುವು. ಅಜ್ಜಿಯ ಮುಖಕ್ಕೆ ಸಾಕ್ಷಿಯಾಗಿ ಉಳಿದುದು 1974ರ ಉಪನಯನವೊಂದರ ನೆಗೆಟಿವ್ ಮಾತ್ರ. ಬೆಳಕಿಗೆ ಹಿಡಿದರೆ ನರೆತ ಅಜ್ಜಿಗೆ ಕರಿಗೂದಲು, ಹರೆಯದ ಚಿಕ್ಕಮ್ಮಂದಿರಿಗೆಲ್ಲ ನರೆ! ಯಾರು ಯಾರೆಂದು ಹೇಳಬಲ್ಲವರು ನಮ್ಮ ಅಮ್ಮನೊಬ್ಬರೇ. ಅವರಿಗೀಗ 86, ನೆನಪು ಮಾಸತೊಡಗಿದೆ.

ಆ ಆತುರದಲ್ಲಿಯೇ ನಾವು ಎಡವಿದೆವು. 'ಎಲ್ಲ ನೆಗೆಟಿವೂ ಹಿಡಿಯುತ್ತದೆ' ಎಂಬ ಅಂಗಡಿಯವರ ಮಾತನ್ನು ನಂಬಿ ಪುಟ್ಟ ಸ್ಕ್ಯಾನರೊಂದನ್ನು ತಂದೆವು. ಅದರ ಕಿಂಡಿ 35 ಮಿ.ಮೀ. ಫಿಲ್ಮಿಗಷ್ಟೇ. ತೀರ್ಥರೂಪರದಾದರೋ ಅಗ್ಫಾ ಕ್ಲಿಕ್ 3. 120 ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು, ಒಂದೊಂದೂ ಸುಮಾರು 6 ಸೆಂ.ಮೀ. ಅಂಗಡಿಗೆ ಹೋಗುವ ಮುನ್ನ ಅಳತೆಪಟ್ಟಿ ಹಿಡಿಯದಿದ್ದುದು ನಮ್ಮದೇ ತಪ್ಪು.

ಬಳಿಕ ಕುಳಿತು ಎಣಿಸಿದೆವು. ದೊಡ್ಡವು 93, ಚಿಕ್ಕವು 40. ಪ್ಲಸ್‌ಟೆಕ್ 8200ಐ ಒಳ್ಳೆಯ ಯಂತ್ರವಾದರೂ 35 ಮಿ.ಮೀ. ಮೀರಿದ್ದನ್ನು ತೆಗೆದುಕೊಳ್ಳದು. ಕಚೇರಿಗಳಲ್ಲಿರುವ ಸಾಮಾನ್ಯ ಸ್ಕ್ಯಾನರ್ ಕಾಗದದಿಂದ ಮರಳಿದ ಬೆಳಕನ್ನು ಓದುತ್ತದೆ. ನೆಗೆಟಿವಿಗಾದರೆ ಬೆಳಕು ಅದರ ಮೂಲಕವೇ ಹಾಯ್ದು ಬರಬೇಕು. ಮುಚ್ಚಳದಲ್ಲಿಯೂ ದೀಪವಿದ್ದು ಎರಡೂ ಅಳತೆಗೆ ಒಗ್ಗುವ ಎಪ್ಸನ್ ವಿ600 ನಮ್ಮ ಆಯ್ಕೆಯಾಯಿತು. ಇನ್ನೂ ಹೆಚ್ಚಿನ ಅಂಕಿಯ ಯಂತ್ರ ಬೇಕೆಂದು ಮುಂಬಯಿಯ ತಮ್ಮ ಹಟ ಹಿಡಿದಿದ್ದ. ಹಾಸುಗಾಜಿನ ಯಂತ್ರಗಳಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯಷ್ಟು ಸೂಕ್ಷ್ಮತೆ ನಿಜವಾಗಿ ದೊರೆಯುವುದಿಲ್ಲ. ಅಂಗುಲಕ್ಕೆ 2400 ಬಿಂದುಗಳಂತೆ ಓದಿಸಿದರೂ ನಮ್ಮ ಚೌಕ ಚಿತ್ರದ ಪ್ರತಿ ಬದಿಗೆ 5,000ಕ್ಕೂ ಮಿಕ್ಕ ಬಿಂದುಗಳು. ಗೋಡೆಗೆ ತೂಗಹಾಕಲು ಧಾರಾಳ.

ಮೊದಲ ರಾತ್ರಿ ಮತ್ತೊಂದು ಪಾಠವಾಯಿತು. ನಮ್ಮೂರಿನ ಮಳೆಗೆ ಬೂಸಲು ಹಿಡಿದ ಫಿಲ್ಮಲ್ಲವೇ, ಧೂಳು ತೊಡೆಯುವ ಸೌಕರ್ಯವನ್ನು ಚಾಲೂ ಮಾಡಿದೆವು. ಅಜ್ಜಿಯ ಸೀರೆಯಂಚು ಕಲಸಿಹೋಯಿತು! ಅದು ಅವಗೆಂಪು ಕಿರಣದಿಂದ ಧೂಳನ್ನು ಹುಡುಕುವ ಉಪಾಯ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳ ಮೂಲಕ ಆ ಕಿರಣ ಹಾಯುತ್ತದೆ. ಕಪ್ಪುಬಿಳುಪಿನ ಬೆಳ್ಳಿಯ ಕಣಗಳು ತಡೆಯುತ್ತವೆ. ಯಂತ್ರದ ಕಣ್ಣಿಗೆ ಅಜ್ಜಿಯೂ ಧೂಳೇ! ಅದನ್ನು ಆರಿಸಿ, ಮೃದುವಾದ ಕುಂಚದಿಂದ ಒರೆಸಿ, ಮತ್ತೊಮ್ಮೆ ಓದಿಸಿದೆವು.

ಮರುದಿನ ಅಮ್ಮನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, "ಆ ಪಟ್ಟೆಸೀರೆ ನನ್ನದು. ಅತ್ತೆಗೆ ಉಡಲಿಕ್ಕೆ ಒಳ್ಳೆಯದು ಇರಲಿಲ್ಲ, ನಾನೇ ಕೊಟ್ಟದ್ದು" ಎಂದರು. ಐವತ್ತು ವರ್ಷಗಳಲ್ಲಿ ಈ ಮಾತನ್ನು ನಾವಾರೂ ಕೇಳಿರಲಿಲ್ಲ. ಹನ್ನೊಂದು ಮಂದಿಯಲ್ಲಿ ಒಂಬತ್ತು ಹೆಸರುಗಳು ಬಂದುವು. ಕಂಬದ ಮರೆಯಲ್ಲಿರುವ ಇಬ್ಬರ ಚಿತ್ರವನ್ನಷ್ಟೇ ದೊಡ್ಡದು ಮಾಡಿ ನೀರ್ಚಾಲಿನ ಸೋದರತ್ತೆಯವರಿಗೆ ಕಳುಹಿಸಿದ್ದೇವೆ.