ಅಪ್ಪ ನಿಧಾನ ಆಗಿರಲಿಲ್ಲ

ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪನದು ಒಂದೇ ದೂರು: "ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ ಪುಟ್ಟಿ." ನನ್ನದೂ ಒಂದೇ ಉತ್ತರ: "ನೀವು ಸುಮ್ಸುಮ್ನೆ ಹತ್ತು ಸಲ ಕ್ಲಿಕ್ ಮಾಡ್ತೀರ ಅಪ್ಪ, ಅದಕ್ಕೇ."

ದೀಪಾವಳಿಗೆ ಹಾಸನಕ್ಕೆ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ಅಪ್ಪ ನಿವೃತ್ತ ಮೇಷ್ಟ್ರು. ಪಿಂಚಣಿ, ಖಾತೆ, ನೀರಿನ ಸಂಪರ್ಕ, ಏನೇ ಇರಲಿ, ಬೀದಿಯವರಿಗೆಲ್ಲ ನುಡಿಯಲ್ಲಿ ಅರ್ಜಿ ಟೈಪ್ ಮಾಡಿ ಕೊಡುತ್ತಿದ್ದರು. ಈಗ ಆರು ತಿಂಗಳಿಂದ ಬಂದವರನ್ನೆಲ್ಲ ಸೈಬರ್ ಸೆಂಟರ್‌ಗೆ ಕಳಿಸುತ್ತಿದ್ದಾರಂತೆ. "ಕೈ ಓಡಲ್ಲ ಅಂತಾರೆ ಕಣೇ" ಎಂದರು ಅಮ್ಮ.

ಆ ರಾತ್ರಿ ನಾನೇ ಕಂಪ್ಯೂಟರ್ ಮುಂದೆ ಕೂತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ತೆರೆದಿದ್ದದ್ದು ನುಡಿ ಮತ್ತು ಬ್ರೌಸರ್ ಮಾತ್ರ. ಮೆಮೊರಿ ಆಗಲೇ ಶೇ. 93 ತುಂಬಿತ್ತು! ಇದ್ದದ್ದೇ 4 ಜಿಬಿ ರ‍್ಯಾಮ್.

ಅಪ್ಪನಿಗೆ ಹೀಗೆ ವಿವರಿಸಿದೆ: ಹಾರ್ಡ್ ಡಿಸ್ಕ್ ಅಂದ್ರೆ ಅಟ್ಟ, ರ‍್ಯಾಮ್ ಅಂದ್ರೆ ಅಡುಗೆಮನೆ ಕಟ್ಟೆ. ಕಟ್ಟೆ ಚಿಕ್ಕದಾದರೆ ಪ್ರತಿ ಪಾತ್ರೆಗೂ ಅಟ್ಟ ಹತ್ತಿ ಇಳೀಬೇಕು. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಊಟ ತಡವೇ.

ಹಳೇ ರ‍್ಯಾಮಿನ ಸ್ಟಿಕ್ಕರ್ ಫೋಟೊ ತೆಗೆದುಕೊಂಡು ಬೆಂಗಳೂರಿಗೆ ವಾಪಸ್ ಬಂದೆ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಲ್ಯಾಪ್‌ಟಾಪಿನದ್ದು ಇನ್ನೂ ಗಿಡ್ಡ. ವಿಂಡೋಸ್ 64 ಬಿಟ್ ಇದೆಯೇ ಎಂದೂ ನೋಡಿಕೊಂಡಿದ್ದೆ. 32 ಬಿಟ್ ಆದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಲಾಭವಿಲ್ಲ. ಎಸ್.ಪಿ. ರೋಡಿನಲ್ಲಿ ಅಂಥದ್ದೇ ಇನ್ನೊಂದು 4 ಜಿಬಿ ಸೆಕೆಂಡ್ ಹ್ಯಾಂಡ್ ರ‍್ಯಾಮ್, ಸಾವಿರ ರೂಪಾಯಿಯೊಳಗೇ ಸಿಕ್ಕಿತು.

ಮುಂದಿನ ಶನಿವಾರ ಮತ್ತೆ ಹಾಸನ. ಪ್ಲಗ್ ಕಿತ್ತು ಸಿಪಿಯು ಡಬ್ಬ ಬಿಚ್ಚಿದೆ. ಅಪ್ಪ ಮೊಬೈಲ್ ಟಾರ್ಚ್ ಹಿಡಿದರು. "ನನ್ನ ಇಡೀ ಸರ್ವೀಸಿನ ಸೀಮೆಸುಣ್ಣ ಇಲ್ಲೇ ಇದೆಯಲ್ಲೇ!" ಬ್ರಷ್‌ನಿಂದ ಧೂಳು ತೆಗೆದೆ, ಕೈಯಲ್ಲಿರೋ ಸ್ಟಾಟಿಕ್ ಹೋಗಲಿ ಅಂತ ಡಬ್ಬದ ಲೋಹ ಮುಟ್ಟಿ, ರ‍್ಯಾಮ್ ಕೂರಿಸಿದೆ. ಸ್ವಿಚ್ ಹಾಕಿದರೆ ಪರದೆ ಕಪ್ಪು. ಬೀಪ್, ಬೀಪ್.

ನನ್ನ ಎದೆ ಧಸಕ್ಕೆಂದಿತು. ಇದ್ದದ್ದನ್ನೂ ಕೆಡಿಸಿದೆನಾ?

ಮತ್ತೆ ಪ್ಲಗ್ ಕಿತ್ತು ರ‍್ಯಾಮ್ ಹೊರತೆಗೆದೆ. ಅದರ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. "ರಬ್ಬರ್ ಇದೆಯಾ ಅಪ್ಪ?" ಮೇಷ್ಟ್ರ ಮನೆಯಲ್ಲಿ ರಬ್ಬರಿಗೆ ಬರವೇ? ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಈ ಸಲ ಎರಡೂ ತುದಿಯ ಕ್ಲಿಪ್ 'ಟಕ್' ಅನ್ನೋವರೆಗೆ ಒತ್ತಿದೆ. ಮೊದಲ ಸಲ ಒಂದು ಕಡೆಯದು ಪೂರ್ತಿ ಕೂತಿರಲಿಲ್ಲ ಅನ್ಸುತ್ತೆ. ಕಂಪ್ಯೂಟರ್ ಆನ್ ಆಯಿತು. 8 ಜಿಬಿ.

ಅಪ್ಪ ನುಡಿ ಮೇಲೆ ಕ್ಲಿಕ್ ಮಾಡಿ, ಅಭ್ಯಾಸದಂತೆ ಮೌಸ್ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂತರು. "ಅಪ್ಪ, ಓಪನ್ ಆಗಿದೆ" ಎಂದೆ. ತಿರುಗಿ ನೋಡಿ ಒಂದು ಕ್ಷಣ ಸುಮ್ಮನಾದರು.

"ನಾನೇ ನಿಧಾನ ಆಗ್ಬಿಟ್ಟೆ ಅನ್ಕೊಂಡಿದ್ದೆ ಪುಟ್ಟಿ."

ಹಾಗೆ ಅಂದುಕೊಳ್ಳೋ ಹಾಗೆ ಮಾಡಿದ್ದು ನಾನೇ. ಎರಡು ವರ್ಷ, ಪ್ರತಿ ಭಾನುವಾರ. ಒಮ್ಮೆಯೂ ಡಬ್ಬ ಬಿಚ್ಚಿ ನೋಡಿರಲಿಲ್ಲ. "ತಪ್ಪು ನಂದು ಅಪ್ಪ" ಎಂದೆ. ಅವರು ಆಗಲೇ ಟೈಪ್ ಮಾಡುತ್ತಿದ್ದರು.

ಮುಂದಿನ ಭಾನುವಾರ ಫೋನ್ ಮಾಡಿದೆ. ಅಪ್ಪ ಅವಸರದಲ್ಲಿದ್ದರು: "ಆಮೇಲೆ ಮಾಡ್ತೀನಿ ಇರು, ಇಬ್ಬರು ಅರ್ಜಿಗೆ ಬಂದು ಕೂತಿದ್ದಾರೆ."