ಅರಿವಳಿಯದ ಅರಿವಳಿಕೆ

'ಅರಿವಳಿಕೆ' ಎಂಬುದು ಕನ್ನಡ ವೈದ್ಯಕೀಯ ಬರಹವು ರೂಢಿಸಿಕೊಂಡ ಸೊಗಸಾದ ಶಬ್ದಗಳಲ್ಲೊಂದು. ಅರಿವು ಅಳಿಯುವುದೇ ಅರಿವಳಿಕೆ. ಬಿಡಿಸಿದರೆ ಅರ್ಥ ತಾನಾಗಿ ಹೊರಬೀಳುತ್ತದೆ. ಆದರೆ ಅದರ ಮುಂದೆ 'ಸ್ಥಳೀಯ' ಎಂಬ ವಿಶೇಷಣವನ್ನು ಇರಿಸಿದೊಡನೆ ಶಬ್ದವು ತನ್ನ ಅರ್ಥದೊಡನೆಯೇ ಜಗಳಕ್ಕೆ ನಿಲ್ಲುತ್ತದೆ. ಹಲ್ಲು ಕೀಳಿಸಿಕೊಳ್ಳುವವನ ಅರಿವು ಎಲ್ಲಿಯೂ ಅಳಿದಿರುವುದಿಲ್ಲ. ಇಕ್ಕಳದ ಸದ್ದು ಅವನಿಗೆ ಕೇಳಿಸುತ್ತದೆ, ದವಡೆಯ ಮೇಲಿನ ಒತ್ತಡ ತಿಳಿಯುತ್ತದೆ, ವೈದ್ಯರ ಮುಖ ಕಾಣಿಸುತ್ತದೆ. ಇಲ್ಲದಿರುವುದು ನೋವೊಂದೇ.

ಗಡಿಯ ಊರುಗಳಲ್ಲಿ ಈ ಜಗಳಕ್ಕೆ ಇನ್ನೊಂದು ಭಾಷೆಯೂ ಸೇರಿಕೊಳ್ಳುತ್ತದೆ. ಮರಾಠಿಯಲ್ಲಿ ಅರಿವಳಿಕೆಗೆ 'ಭೂಲ' ಎನ್ನುತ್ತಾರೆ. ಅದನ್ನು ಕೊಡುವವರು 'ಭೂಲತಜ್ಞ'ರು. ತಪ್ಪು, ಮರುಳು ಎಂಬ ಅರ್ಥಗಳೂ ಅದೇ ಶಬ್ದದ ಸೆರಗಿನಲ್ಲಿವೆ. ಜೋಮು ಹಿಡಿದ ಅಂಗವನ್ನು ಮರಾಠಿಯು 'ಬಧಿರ' ಎನ್ನುತ್ತದೆ. ಕನ್ನಡದ ಓದುಗನಿಗೆ ಬಧಿರನೆಂದರೆ ಕಿವುಡ. ಕನ್ನಡಕ್ಕೆ ತನ್ನದೇ ಆದ 'ಮರಗಟ್ಟು' ಇದೆ: ಜೀವವಿದ್ದ ಅಂಗವು ಮರದಂತಾಗುವುದು. ವಿಚಾರ ಮಾಡಿದರೆ ಇವುಗಳಲ್ಲಿ ವಸ್ತುಸ್ಥಿತಿಗೆ ಹತ್ತಿರವಾದುದು ಮರಾಠಿಯ 'ಬಧಿರ'ವೇ. ನರವು ಸತ್ತಿರುವುದಿಲ್ಲ, ಮರವೂ ಆಗಿರುವುದಿಲ್ಲ. ಗಾಯ ಕೂಗುತ್ತದೆ, ಆ ಕೂಗು ಮಿದುಳಿಗೆ ಕೇಳಿಸುವುದಿಲ್ಲ.

ಈ ಕಿವುಡುತನವನ್ನು ಮನುಷ್ಯ ಕಂಡುಕೊಂಡದ್ದು ಒಂದು ಎಲೆಯಿಂದ. ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಕೊಕೇನನ್ನು 1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಬೇರ್ಪಡಿಸಿದನು. ಅದು ನಾಲಿಗೆಯನ್ನು ಜೋಮುಗಟ್ಟಿಸುವುದನ್ನೂ ಕಂಡನು. ಆ ಗುಣದ ಬೆಲೆಯನ್ನು ಅರಿಯಲು ಇಪ್ಪತ್ತನಾಲ್ಕು ವರ್ಷ ಬೇಕಾದವು. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದನು. ಹೈಡಲ್‌ಬರ್ಗಿನ ನೇತ್ರವೈದ್ಯರ ಸಮ್ಮೇಳನಕ್ಕೆ ಹೋಗಲು ಅವನಲ್ಲಿ ಹಣವಿರಲಿಲ್ಲ. ಅವನ ಪ್ರಬಂಧವನ್ನು ಇನ್ನೊಬ್ಬ ವೈದ್ಯ ಓದಿದನು. ಆದರೆ ಕೊಕೇನ್ ತನ್ನ ಉಪಕಾರಕ್ಕೆ ಬಡ್ಡಿಯನ್ನೂ ವಸೂಲು ಮಾಡಿತು. ಅದನ್ನು ನರಗಳ ಬಳಿ ಚುಚ್ಚುವ ವಿಧಾನವನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡ ಅಮೆರಿಕದ ಶಸ್ತ್ರವೈದ್ಯ ವಿಲಿಯಮ್ ಹಾಲ್‌ಸ್ಟೆಡ್ ಅದರ ಚಟಕ್ಕೆ ಬಲಿಯಾದರು. ಚಟ ಹಿಡಿಸದ ಮದ್ದಿನ ಹುಡುಕಾಟದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಪ್ರೊಕೇನ್ ಬಂದಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನನ್ನು ತಯಾರಿಸಿದನು. ಹಲ್ಲಿನ ವೈದ್ಯರಲ್ಲಿಗೆ ಹೋದವರೆಲ್ಲ ಕೇಳಿರುವ 'ಝೈಲೋಕೇನ್' ಇದೇ.

ಮದ್ದು ಕೆಲಸ ಮಾಡುವ ಬಗೆ ಯಾವ ಕಥೆಗೂ ಕಡಿಮೆಯಲ್ಲ. ನರತಂತುವಿನ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಗಾಯವಾದಾಗ ತಂತುವಿನ ಪೊರೆಯಲ್ಲಿರುವ ಸೂಕ್ಷ್ಮ ಬಾಗಿಲುಗಳು ಒಂದರ ನಂತರ ಒಂದು ತೆರೆದು, ಸೋಡಿಯಂ ಒಳನುಗ್ಗುತ್ತದೆ. ಆ ನುಗ್ಗಾಟದ ಅಲೆಯೇ ನೋವಿನ ಸುದ್ದಿ. ಲಿಡೊಕೇನ್ ಈ ಬಾಗಿಲನ್ನು ಹೊರಗಿನಿಂದ ಮುಚ್ಚುವುದಿಲ್ಲ. ಅದು ಮೊದಲು ಪೊರೆಯ ಗೋಡೆಯನ್ನೇ ಹಾದು ಒಳಸೇರುತ್ತದೆ; ಒಳಗೆ ವಿದ್ಯುದಂಶವನ್ನು ಪಡೆದು, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುತ್ತದೆ. ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹತ್ತುವುದಿಲ್ಲವೆಂಬ ಅನುಭವಕ್ಕೂ ಇಲ್ಲಿ ಒಂದು ಕಾರಣವಿದೆ. ಕೀವಾದ ಜಾಗದಲ್ಲಿ ಆಮ್ಲ ಹೆಚ್ಚು. ಆಗ ಮದ್ದಿನ ಬಹುಪಾಲು ಹೊರಗೇ ವಿದ್ಯುದಂಶ ಪಡೆದುಬಿಡುತ್ತದೆ. ಅಂಥದ್ದಕ್ಕೆ ಗೋಡೆಯನ್ನು ಹಾಯುವ ಶಕ್ತಿ ಇರುವುದಿಲ್ಲ.

ಅಪಾಯವೂ ಇದೇ ಬಾಗಿಲಿನಲ್ಲಿದೆ. ಇಂಥ ಬಾಗಿಲುಗಳು ಮಿದುಳಿನಲ್ಲಿಯೂ ಇವೆ, ಹೃದಯದಲ್ಲಿಯೂ ಇವೆ. ಮದ್ದಿಗೆ ಅವುಗಳ ನಡುವಿನ ಭೇದ ತಿಳಿಯದು. ಅದು ಕೊಟ್ಟ ಜಾಗದಲ್ಲಿಯೇ ಉಳಿದಿರುವತನಕ ಮಿತ್ರ. ಪ್ರಮಾಣ ಮೀರಿ ರಕ್ತವನ್ನು ಸೇರಿದರೆ ಶತ್ರು. ಆದುದರಿಂದಲೇ ಲೆಕ್ಕ ಬೇಕು. ಬರಿಯ ಲಿಡೊಕೇನಿಗೆ ಹೇಳುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 4.5 ಮಿಲಿಗ್ರಾಂ. ಶೇಕಡ 2ರ ಮದ್ದಿನ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುತ್ತದೆ. 50 ಕಿಲೋ ತೂಕದವರಿಗೆ 225 ಮಿಲಿಗ್ರಾಂ, ಎಂದರೆ ಹನ್ನೊಂದು ಮಿಲಿಲೀಟರಿನಷ್ಟಕ್ಕೇ ಗಡಿ ಬಂದಿತು. ಅಡ್ರಿನಲಿನ್ ಬೆರೆಸಿದರೆ ರಕ್ತನಾಳಗಳು ಕುಗ್ಗಿ ಮದ್ದು ನಿಧಾನವಾಗಿ ಹರಡುವುದರಿಂದ ಮಿತಿ 7 ಮಿಲಿಗ್ರಾಂವರೆಗೆ ಏರುತ್ತದೆ. ಸೂಜಿಯು ನೇರವಾಗಿ ರಕ್ತನಾಳವನ್ನೇ ಹೊಕ್ಕರೆ ಮಾತ್ರ ಯಾವ ಲೆಕ್ಕವೂ ಕಾಯುವುದಿಲ್ಲ. ವೈದ್ಯರು ಮದ್ದು ನೂಕುವ ಮುನ್ನ ಸಿರಿಂಜನ್ನು ತುಸು ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡುವುದು, ಸ್ವಲ್ಪ ಸ್ವಲ್ಪವಾಗಿ ನಿಂತು ನಿಂತು ಕೊಡುವುದು ಈ ಭಯದಿಂದಲೇ.

ವಿಷವೇರಿದ ಮೊದಲ ಸುದ್ದಿಯನ್ನು ಅನೇಕ ವೇಳೆ ಯಂತ್ರ ಹೇಳುವುದಿಲ್ಲ, ರೋಗಿಯ ಬಾಯಿ ಹೇಳುತ್ತದೆ. ತುಟಿಯ ಸುತ್ತ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಮೊರೆತ, ತಲೆ ಹಗುರಾಗುವುದು ಇದರ ಮುನ್ಸೂಚನೆಗಳು. ಮುಂದೆ ಸ್ನಾಯುಗಳ ಅದುರು, ಸೆಳವು, ಪ್ರಜ್ಞೆ ತಪ್ಪುವುದು. ಕೊನೆಗೆ ಹೃದಯದ ಲಯವೇ ಕೆಡಬಹುದು. ಕೆಲವೊಮ್ಮೆ ಮುನ್ಸೂಚನೆಯಿಲ್ಲದೆಯೂ ಇದು ಎರಗುತ್ತದೆ. ಎಚ್ಚರವಿರುವ ರೋಗಿಯನ್ನು ವೈದ್ಯರು ಸೂಜಿ ಹಿಡಿದೇ ಮಾತಾಡಿಸುತ್ತಿರುವುದು ಬರಿಯ ಸಮಾಧಾನಕ್ಕಲ್ಲ. ಆ ಮಾತು ಕೂಡ ಒಂದು ಉಪಕರಣ.

ಉಪಕರಣವು ಬೇರೆ ಭಾಷೆಯದಾದರೆ? ಅಕ್ಕಲಕೋಟೆಯ ಕಡೆಯ ಒಬ್ಬ ಮುದುಕಿ ಜೋಳದ ಕೊಯ್ಲಿನಲ್ಲಿ ಕುಡುಗೋಲಿನಿಂದ ಮುಂಗೈ ಕೊಯ್ದುಕೊಂಡು ಆಸ್ಪತ್ರೆಗೆ ಬಂದಿದ್ದಳು. ಹೊಲಿಗೆಗಾಗಿ ಕಂಕುಳಿನಲ್ಲಿ ನರದ ಬಳಿ ಮದ್ದು ಕೊಡುತ್ತಿದ್ದ ತರುಣ ವೈದ್ಯರಿಗೆ ಕನ್ನಡ ಬಾರದು. ಮುದುಕಿಗೆ ಮರಾಠಿ ಬಾರದು. ಕಾಲೇಜು ಓದುವ ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ಅವಳು "ಆಯಿ" ಎಂದು ಕರೆದದ್ದನ್ನು ಕೇಳಿ ವೈದ್ಯರು ಅವರನ್ನು ತಾಯಿ-ಮಗಳೆಂದೇ ತಿಳಿದಿದ್ದರು. ಅರ್ಧ ಮದ್ದು ಹೋಗುವಷ್ಟರಲ್ಲಿ ಮುದುಕಿ ಗೊಣಗಿದಳು: "ತುಟಿ ಮ್ಯಾಗ ಇರಿವಿ ಹರದಂಗ ಆಗ್ಲಾಕತ್ತದವ್ವಾ. ಬಾಯಾಗ ತಾಮ್ರದ ರೊಕ್ಕ ಇಟ್ಟಂಗ. ಕಿವ್ಯಾಗೂ ಗುಂಯ್ ಅನ್ಲಾಕತ್ತದ." ವೈದ್ಯರು ಅದನ್ನು ಹೆದರಿಕೆಯ ಮಾತೆಂದುಕೊಂಡು ತಲೆಯಾಡಿಸಿದರು. ಮೊಮ್ಮಗಳು ಒಂದು ಕ್ಷಣ ತಡವರಿಸಿ, ತುಟಿಗೆ 'ಮುಂಗ್ಯಾ' ಬರುತ್ತಿವೆಯಂತೆ ಎಂದು ಮರಾಠಿಯಲ್ಲಿ ಹೇಳಿದಳು. ಜೋಮು ಹಿಡಿದಾಗ ಮರಾಠಿಗನ ಮೈಮೇಲೂ ಇರುವೆಗಳೇ ಬರುತ್ತವೆ! ವೈದ್ಯರ ಕೈ ತಟ್ಟನೆ ನಿಂತಿತು. ಸೂಜಿ ಹೊರಬಂದಿತು, ಆಮ್ಲಜನಕದ ಮುಖವಾಡ ಬಂದಿತು. ಸ್ವಲ್ಪ ಹೊತ್ತಿನಲ್ಲಿ ಇರುವೆಗಳು ಇಳಿದುಹೋದವು. ಮುದುಕಿ ಚಹಾ ಕೇಳಿದಳು. ಕೈಗೆ ಕೊಟ್ಟ ಮದ್ದು ತುಟಿಯಲ್ಲಿ ಮಾತಾಡಿದರೆ ಅದು ತನ್ನ ಊರು ಬಿಟ್ಟು ಹೊರಟಿದೆ ಎಂದೇ ಅರ್ಥ.

ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ದೀರ್ಘಕಾಲ ಕೆಲಸ ಮಾಡುವ ಬ್ಯುಪಿವಕೇನ್ ಹೃದಯದ ಬಾಗಿಲುಗಳನ್ನು ಹಿಡಿದರೆ ಬೇಗ ಬಿಡುವುದಿಲ್ಲ. ಇದರಿಂದ ಹೃದಯ ಸ್ತಂಭಿಸಬಹುದೆಂದು 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಎಚ್ಚರಿಸಿದರು. ಪರಿಹಾರವು ಬಂದದ್ದು ಯಾರೂ ಎಣಿಸದ ಕಡೆಯಿಂದ. ಬಾಯಿಂದ ಉಣ್ಣಲಾಗದ ರೋಗಿಗಳಿಗೆ ಪೋಷಣೆಗಾಗಿ ರಕ್ತನಾಳದ ಮೂಲಕ ಕೊಡುವ, ಸೋಯಾಬೀನ್ ಎಣ್ಣೆಯ ಹಾಲಿನಂಥ ದ್ರವವು ಇಲಿಗಳನ್ನು ಈ ವಿಷದಿಂದ ಉಳಿಸಬಲ್ಲದೆಂದು 1998ರಲ್ಲಿ ಗೈ ವೈನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದರು. 2006ರಲ್ಲಿ ಮನುಷ್ಯನೊಬ್ಬನ ಜೀವ ಹೀಗೆ ಉಳಿದ ವರದಿ ಪ್ರಕಟವಾಯಿತು. ಎಣ್ಣೆಯನ್ನು ಪ್ರೀತಿಸುವ ಮದ್ದು ಹೃದಯವನ್ನು ಬಿಟ್ಟು ಎಣ್ಣೆಯ ಹನಿಗಳನ್ನು ಸೇರುತ್ತದೆ. ಹನಿಗಳು ಅದನ್ನು ಹೊತ್ತೊಯ್ಯುತ್ತವೆ. ಸೋಲಾಪುರ, ಲಾತೂರುಗಳ ಹೊಲದಲ್ಲಿ ಬೆಳೆಯುವ ಅದೇ ಸೋಯಾಬೀನ್!

ಕನ್ನಡವನ್ನು ಐಚ್ಛಿಕವಾಗಿ ಓದಿ ಏನು ಮಾಡುವಿರಿ ಎಂಬ ಪ್ರಶ್ನೆ ಗಡಿಯಾಚೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಉದ್ಯೋಗದ ಲೆಕ್ಕದಲ್ಲಿ ಅದಕ್ಕೆ ಉತ್ತರ ಹೇಳುವುದು ಕಷ್ಟವೇ ಸರಿ. ಆದರೆ ಆ ಮೊಮ್ಮಗಳು ಅಂದು ಮಾಡಿದುದು ಭಾಷಾಂತರದ ಪಾಠದ ಮೊದಲ ಸೂತ್ರವನ್ನು ಮಾತ್ರ. ಶಬ್ದಕ್ಕೆ ಶಬ್ದವನ್ನು ಹುಡುಕದೆ, ಅನುಭವಕ್ಕೆ ಅನುಭವವನ್ನು ಹುಡುಕಿದಳು. ನೋವಿಗೆ, ಜೋಮಿಗೆ, ಸುಸ್ತಿಗೆ ತಮ್ಮ ಓಣಿಯ ಹಿರಿಯರು ಬಳಸುವ ಮಾತುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಹಿಯಲ್ಲಿ ಬರೆದಿಟ್ಟು, ಎದುರಿಗೆ ಮರಾಠಿಯ ಮಾತನ್ನೂ ಬರೆದರೆ, ಅದು ಪರೀಕ್ಷೆಗೆ ಬಾರದ ನಿಘಂಟು ಎನಿಸಬಹುದು. ಸೂಜಿ ಹಿಡಿದ ಕೈಯನ್ನು ಸಕಾಲದಲ್ಲಿ ನಿಲ್ಲಿಸುವ ಶಬ್ದವು ಅದರ ಯಾವುದೋ ಒಂದು ಪುಟದಲ್ಲಿ ಇರುತ್ತದೆ.